ಪೀಠದ ಬಳಿ ಸೇವೆಗೆ ನಿಲ್ಲುವವರಿಗೆ ಹನ್ನೊಂದು ಸಾಲು, ಅವುಗಳ ವ್ಯಾಖ್ಯಾನ

ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ, ಹೆದ್ದಾರಿಯ ಮೇಲೆ ಮೋಟೆಬೆನ್ನೂರು ಇದೆ. ಬ್ಯಾಡಗಿಗೆ ಹೋಗುವ ರಸ್ತೆ ಅಲ್ಲೇ ಒಡೆಯುತ್ತದೆ. ಈ ಮೂರು ತಾಲೂಕುಗಳಲ್ಲಿ ಕಥೋಲಿಕರ ಸಂಖ್ಯೆ ಚಿಕ್ಕದು. ಈ ಭಾಗ ಸೇರಿರುವುದು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತಕ್ಕೆ. ಬೆಳಗಾವಿ ಇಲ್ಲಿಂದ 150 ಕಿ.ಮೀ.ಗೂ ದೂರ, ತರಬೇತಿ ಕೇಂದ್ರಗಳಿರುವ ಬೆಂಗಳೂರು 300 ಕಿ.ಮೀ.ಗೂ ದೂರ. ಕೂಲಿ ಬಿಟ್ಟು, ಮಕ್ಕಳನ್ನು ಬಿಟ್ಟು, ಮೂರು ದಿನದ ಶಿಬಿರಕ್ಕೆ ಅಷ್ಟು ದೂರ ಹೋಗಿ ಬರುವುದು ಎಲ್ಲರಿಂದಾಗದು. ಆದರೆ ಭಾನುವಾರ ಬಂದೇ ಬರುತ್ತದೆ. ಯಾರೋ ಓದಬೇಕು, ಯಾರೋ ಹಾಡಬೇಕು, ಯಾರೋ ದೀಪ ಹಚ್ಚಬೇಕು. ಪೂಜೆಗೆ ಐದು ನಿಮಿಷ ಇದ್ದಾಗ, ಬಾಗಿಲಲ್ಲಿ ಸಿಕ್ಕ ಹುಡುಗಿಯ ಕೈಗೆ ವಾಚನಗ್ರಂಥ ಕೊಟ್ಟು “ಇವತ್ತು ನೀನ ಓದವಾ” ಎನ್ನುವುದು ಎಷ್ಟೋ ಚರ್ಚುಗಳಲ್ಲಿ ವಾಡಿಕೆಯಾಗಿಬಿಟ್ಟಿದೆ. ಈ ವಾಡಿಕೆ ನಿಲ್ಲಬೇಕು ಎಂಬುದೇ ಈ ಬರಹದ ಉದ್ದೇಶ.

ಕೆಳಗಿನ ಸಾಲುಗಳು ನನ್ನವು. ವಾಚಕರು, ಹಾಡುವವರು, ಪೀಠದ ಸಹಾಯಕರು, ಪರಮಪ್ರಸಾದ ಹಂಚುವವರು ಬಾಯಿಪಾಠ ಮಾಡಿಕೊಳ್ಳಲಿ ಎಂದು ಚಿಕ್ಕದಾಗಿ ಬರೆದಿದ್ದೇನೆ. ಸೂತ್ರವನ್ನೂ ಅದರ ವೃತ್ತಿಯನ್ನೂ ಒಬ್ಬರೇ ಬರೆಯುವ ಪದ್ಧತಿ ನಮ್ಮಲ್ಲಿ ಹಳೆಯದು. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅದನ್ನೇ ಮಾಡಿದ. ಸಾಲು ನೆನಪಿಗೆ, ವ್ಯಾಖ್ಯಾನ ಕಾರಣಕ್ಕೆ. ಕಾರಣ ತಿಳಿಯದೆ ಕಲಿತ ವಿಧಿ ಬಹಳ ದಿನ ಉಳಿಯುವುದಿಲ್ಲ.

1. ಸೇವೆ ಸಭೆಯದು, ನನ್ನ ಕೈಗೆ ಬಂದಿರುವುದು ಅದರ ಒಂದು ಪಾಲು.

ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯ ಸಂವಿಧಾನವನ್ನು ಹೊರಡಿಸಿತು. ಪರವಾಗಿ 2147 ಮತ, ವಿರುದ್ಧ ಬರೀ 4. ಅದರ 14ನೇ ವಿಧಿಯ ಪ್ರಕಾರ, ಪೂಜೆಯಲ್ಲಿ ತಿಳಿದು, ಮನಸಾರೆ, ಪೂರ್ಣವಾಗಿ ಭಾಗವಹಿಸುವುದು ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರ ಹಕ್ಕೂ ಹೌದು, ಹೊಣೆಯೂ ಹೌದು. 28ನೇ ವಿಧಿ ಅವರವರ ಪಾಲಿನದನ್ನು ಪೂರ್ತಿ ಮಾಡಿ, ಇನ್ನೊಬ್ಬರ ಪಾಲಿಗೆ ಕೈ ಹಾಕಬೇಡಿ ಎನ್ನುತ್ತದೆ. 29ನೇ ವಿಧಿ ನೇರವಾಗಿ ನಮ್ಮ ವಿಷಯಕ್ಕೆ ಬರುತ್ತದೆ: ಪೀಠದ ಸಹಾಯಕರು, ವಾಚಕರು, ನಿರೂಪಕರು, ಗಾಯನವೃಂದದವರು ಮಾಡುವುದು ನಿಜವಾದ ಆರಾಧನಾ ಸೇವೆ, ಆದ್ದರಿಂದ ಅವರಿಗೆ ತರಬೇತಿ ಕೊಡಲೇಬೇಕು.

ಅಂದರೆ ವಾಚಕರು ಗುರುಗಳಿಗೆ ನೆರವಾಗಲು ಬಂದವರಲ್ಲ. ಸಭೆಯ ಪರವಾಗಿ, ಸಭೆಗಾಗಿ ನಿಂತವರು. ಈ ಒಂದು ವಿಚಾರ ತಲೆಗೆ ಹೋದರೆ ಎರಡು ರೋಗ ವಾಸಿಯಾಗುತ್ತವೆ. “ನಮಗೇನು ಗೊತ್ತು, ಎಲ್ಲಾ ಫಾದರ್ ನೋಡ್ಕೋತಾರ” ಎನ್ನುವ ಹಿಂಜರಿಕೆ ಒಂದು. “ಈ ಓದು ನಮ್ಮ ಮನೆತನದ್ದು” ಎನ್ನುವ ಹಕ್ಕುದಾರಿಕೆ ಇನ್ನೊಂದು.

ಇಲ್ಲಿ ಸ್ವಲ್ಪ ಇತಿಹಾಸ ಬೇಕು. 1972ರ ಆಗಸ್ಟ್ 15ರಂದು ಆರನೇ ಪೌಲರು ಹಳೆಯ ಕಿರುದೀಕ್ಷೆಗಳನ್ನು ತೆಗೆದು, ವಾಚಕ ಮತ್ತು ಪೀಠಸೇವಕ ಎಂಬ ಎರಡು ಸೇವೆಗಳನ್ನು ಶ್ರೀಸಾಮಾನ್ಯ ವಿಶ್ವಾಸಿಗಳಿಗೂ ತೆರೆದರು. ಆದರೆ ವಿಧಿಪೂರ್ವಕವಾಗಿ, ಕಾಯಂ ಆಗಿ ನೇಮಕವಾಗುವ ಅವಕಾಶ ಗಂಡಸರಿಗೆ ಮಾತ್ರ ಉಳಿಯಿತು. 2021ರ ಜನವರಿಯಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಧರ್ಮಸಭೆಯ ಕಾನೂನಿನ 230ನೇ ವಿಧಿಯನ್ನು ತಿದ್ದಿ ಆ ಬಾಗಿಲನ್ನು ಹೆಣ್ಣುಮಕ್ಕಳಿಗೂ ತೆರೆದರು. ಅದೇ ವರ್ಷ ಮೇ 10ರಂದು ಉಪದೇಶಿಯ ಸೇವೆಯನ್ನೂ ವಿಧಿಪೂರ್ವಕ ನೇಮಕದ ಸೇವೆಯಾಗಿ ಸ್ಥಾಪಿಸಿದರು. ಕನ್ನಡ ನಾಡಿನ ಹಳ್ಳಿಗಳಿಗೆ ಉಪದೇಶಿ ಹೊಸಬರೇನಲ್ಲ. ಹದಿನೇಳನೇ ಶತಮಾನದ ನಡುವಿನಲ್ಲಿ ಲಿಯೊನಾರ್ದೊ ಚಿನ್ನಾಮಿ ಎಂಬ ಯೇಸುಸಭೆಯ ಗುರುಗಳು ಮೈಸೂರು ಸೀಮೆಗೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮಬೋಧೆಯ ಪುಸ್ತಕ ಬರೆದರು. ಆ ಕಾಲದಿಂದಲೂ ಒಬ್ಬ ಗುರುಗಳಿಗೆ ಹತ್ತಾರು ಹಳ್ಳಿ. ಅವರು ಮುಂದಿನ ಊರಿಗೆ ಹೋದ ಮೇಲೆ ಪ್ರಾರ್ಥನೆ ಕಲಿಸಿದವರು, ಸಾವಿನ ಮನೆಯಲ್ಲಿ ಜಪ ನಡೆಸಿದವರು, ಮಕ್ಕಳಿಗೆ ಶಿಲುಬೆ ಗುರುತು ಹಾಕುವುದನ್ನು ತೋರಿಸಿದವರು ಉಪದೇಶಿಗಳು. ಅವರ ಸೇವೆಗೆ ಸಿಗಬೇಕಾದ ಗೌರವ ಕಾಗದದ ಮೇಲೆ ತಡವಾಗಿ ಬಂದಿದೆ. ಧರ್ಮಕೇಂದ್ರಗಳಲ್ಲಿ ಅದು ಬೇಗ ಜಾರಿಗೆ ಬರಲಿ.

2. ಶನಿವಾರ ಸಂಜೆಯೇ ಗಟ್ಟಿಯಾಗಿ ಓದಿರಿ. ಮೊದಲು ಕಥೆ ಹೇಳಿ, ಆಮೇಲೆ ಪಾಠ ಓದಿರಿ.

ಈ ಸಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ಉಳಿದದ್ದೆಲ್ಲ ಕೆಟ್ಟರೂ ಇದೊಂದು ನೆಟ್ಟಗಿದ್ದರೆ ಜನ ದೇವರ ವಾಕ್ಯ ಕೇಳಿ ಮನೆಗೆ ಹೋಗುತ್ತಾರೆ.

ಈಗಿನ ವಾಚನಗಳ ಕ್ರಮ 1969ರಲ್ಲಿ ಬಂದದ್ದು. ಭಾನುವಾರಗಳಿಗೆ ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೊವಾನ್ನರ ಶುಭಸಂದೇಶ ತಪಸ್ಸು ಕಾಲದಲ್ಲಿ, ಪಾಸ್ಕ ಕಾಲದಲ್ಲಿ ಹೆಚ್ಚಾಗಿ ಬರುತ್ತದೆ. ಸಾಧಾರಣ ಕಾಲದ ಭಾನುವಾರಗಳಲ್ಲಿ ಮೊದಲನೇ ವಾಚನವನ್ನು ಆ ದಿನದ ಶುಭಸಂದೇಶಕ್ಕೆ ಹೊಂದುವಂತೆ ಆರಿಸಲಾಗಿದೆ. ಎರಡನೇ ವಾಚನಕ್ಕೆ ಆ ನಂಟಿಲ್ಲ. ಒಂದು ಪತ್ರವನ್ನು ವಾರದಿಂದ ವಾರಕ್ಕೆ ಮುಂದುವರಿಸುತ್ತಾ ಹೋಗುತ್ತದೆ. ಇದು ಗೊತ್ತಿದ್ದರೆ ತಯಾರಿಯ ದಾರಿಯೇ ಬೇರೆಯಾಗುತ್ತದೆ. ಮೊದಲನೇ ವಾಚನ ಓದುವವರು ಮೊದಲು ಶುಭಸಂದೇಶ ಓದಿಕೊಳ್ಳಬೇಕು. ಯಾವ ಮಾತಿಗೆ ಈ ಪಾಠ ಜೋಡಿಯಾಗಿ ಬಂದಿದೆ ಎಂದು ಹುಡುಕಿಕೊಳ್ಳಬೇಕು. ಎರಡನೇ ವಾಚನ ಓದುವವರು ಹೋದ ವಾರ ಎಲ್ಲಿಗೆ ನಿಂತಿತ್ತು ಎಂದು ನೋಡಬೇಕು.

ಇನ್ನು ಕಥೆ ಹೇಳುವುದು. ನಮ್ಮ ಭಾಗದ ಮನೆಮಾತಿಗೂ ವಾಚನಗ್ರಂಥದ ಕನ್ನಡಕ್ಕೂ ದೂರವಿದೆ. ಆ ದೂರವನ್ನು ವಾಚಕರು ತಮ್ಮ ಮನಸ್ಸಿನಲ್ಲಿ ಒಮ್ಮೆ ದಾಟದಿದ್ದರೆ ಪಾಠ ಬರೀ ಅಕ್ಷರವಾಗಿ ಹೊರಬೀಳುತ್ತದೆ. ತಪಸ್ಸು ಕಾಲದ ಎರಡನೇ ಭಾನುವಾರ, ಮತ್ತಾಯನ ವರ್ಷದಲ್ಲಿ, ಅಬ್ರಾಮನ ಕರೆಯ ಭಾಗ ಬರುತ್ತದೆ ಎನ್ನಿ. ಓದಬೇಕಾದ ಹುಡುಗಿ ಶನಿವಾರ ಸಂಜೆ ಅಜ್ಜಿಯ ಮುಂದೆ ಕೂತು ಪುಸ್ತಕ ಮುಚ್ಚಬೇಕು.

“ದೇವರು ಅಬ್ರಾಮಗ ಏನಂದನವಾ?”

“ನಿನ್ನ ಊರು, ನಿನ್ನ ಮಂದಿ ಬಿಟ್ಟು ನಡಿ ಅಂದ, ಅಜ್ಜಿ.”

“ಎಲ್ಲಿಗಂತ?”

“ಅದನ್ನ ಹೇಳಲಿಲ್ಲ. ತೋರಸ್ತೀನಿ ಅಂದ, ಅಷ್ಟ.”

“ಮುಂದ?”

“ಹೊಂಟಬಿಟ್ಟ.”

ಇಷ್ಟು ಹೇಳಿದ ಹುಡುಗಿಗೆ, ಮರುದಿನ ಎಲ್ಲಿ ನಿಲ್ಲಿಸಬೇಕು, ಯಾವ ಮಾತಿಗೆ ಒತ್ತು ಕೊಡಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ಪುಸ್ತಕ ತೆರೆದು, ನಿಂತುಕೊಂಡು, ಅಂಗಳದ ಆಚೆ ಇದ್ದವರಿಗೆ ಕೇಳುವ ಹಾಗೆ ಒಮ್ಮೆ ಓದಲಿ. ಪಾಠದ ಜೆರಾಕ್ಸ್ ತೆಗೆಸಿಕೊಂಡು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲ್ಲಿನಿಂದ ಗೀಟು ಹಾಕಿಕೊಳ್ಳಲಿ. ವಾಚನಗ್ರಂಥದ ಮೇಲೆ ಗೀಟು ಬೇಡ. ನೆಬೂಕದ್ನೆಚ್ಚರ, ಮೆಲ್ಕಿಸೆದೇಕ, ಪಂಚಾಶತ್ತಮದ ದಿನ ಸಾಲುಗಟ್ಟಿ ಬರುವ ಪಾರ್ಥಿಯ, ಮೇದ್ಯ, ಏಲಾಮ, ಫ್ರುಗಿಯ ಇಂಥ ಹೆಸರುಗಳನ್ನು ಬಿಡಿಸಿ ಹತ್ತು ಸಲ ಹೇಳಿಕೊಳ್ಳಲಿ.

ಕನ್ನಡದಲ್ಲಿ ಓದುವವರಿಗೆ ಒಂದು ವಿಶೇಷ ಎಚ್ಚರಿಕೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬೇಡ, ಇಲ್ಲ, ಅಲ್ಲ, ಕೂಡದು ಎಲ್ಲವೂ ಕೊನೆಯಲ್ಲೇ. ಸಂತ ಪೌಲನ ಪತ್ರಗಳಲ್ಲಿ ಒಂದು ವಾಕ್ಯ ಐದಾರು ಸಾಲು ಓಡುತ್ತದೆ. ಕೇಳುವವರು ಆ ಕೊನೆಯ ಮಾತಿಗಾಗಿ ಕಿವಿಗೊಟ್ಟು ಕಾದಿರುತ್ತಾರೆ. ಅಷ್ಟರಲ್ಲಿ ಓದುವವರ ಉಸಿರು ಮುಗಿದು ದನಿ ಇಳಿದುಹೋದರೆ, ದೇವರು ಬೇಡ ಎಂದದ್ದು ಬೇಕು ಎಂದು ಕೇಳಿಸಬಹುದು. ದನಿಯನ್ನು ಕ್ರಿಯಾಪದದ ತನಕ ಹೊತ್ತುಕೊಂಡು ಹೋಗುವುದನ್ನು ಕಲಿಸಲು ಒಂದು ಇಡೀ ಸಂಜೆ ಮೀಸಲಿಟ್ಟರೂ ತಪ್ಪಿಲ್ಲ. ಓದುವುದರಲ್ಲಿ ನಾಟಕದ ಏರಿಳಿತ ಬೇಡ. ಸ್ಪಷ್ಟತೆ ಬೇಕು, ನಿಧಾನ ಬೇಕು.

ಮನೆಯಲ್ಲಿರುವ ಸತ್ಯವೇದ ತಂದು ಅದರಿಂದಲೇ ಓದುವುದು ಸರಿಯಲ್ಲ ಎಂಬುದನ್ನೂ ಹೇಳಬೇಕು. ಅದರ ಮೇಲೆ ನನಗೆ ಅಪಾರ ಗೌರವ. ಆದರೆ ಪೂಜೆಯಲ್ಲಿ ಓದಬೇಕಾದದ್ದು ಧರ್ಮಸಭೆ ಒಪ್ಪಿದ ವಾಚನಗ್ರಂಥದ ಪಾಠ. ತೋಬಿತ, ಮಕ್ಕಬಿಯರಂಥ ಗ್ರಂಥಗಳಿಂದ ಬರುವ ಭಾಗಗಳು 66 ಪುಸ್ತಕಗಳ ಆ ಬೈಬಲ್ಲಿನಲ್ಲಿ ಸಿಗುವುದೂ ಇಲ್ಲ.

3. ನಡೆಯುವುದೂ ಬಾಗುವುದೂ ಪ್ರಾರ್ಥನೆಯೇ, ಅವಸರ ಬೇಡ.

ವಾಚಕರು ಜಾಗದಿಂದ ಎದ್ದು, ಪೀಠಕ್ಕೆ ಬಾಗಿ ನಮಿಸಿ, ವಾಚನಪೀಠಕ್ಕೆ ಹೋಗಿ, ಜನ ಕೂತು ಸದ್ದು ಅಡಗುವ ತನಕ ಕಾಯಬೇಕು. ಮೈಕಿಗೂ ಬಾಯಿಗೂ ಒಂದು ಗೇಣು. ಮೈಕು ತಟ್ಟಿ ನೋಡುವ ಕೆಲಸ ಪೂಜೆಗೆ ಮುಂಚೆಯೇ ಮುಗಿದಿರಲಿ.

4. ದೀಪ, ಆರತಿ, ಅಂಜಲಿ: ಕಾರಣ ತಿಳಿದು ಮಾಡಿರಿ.

1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರ ಸ್ಥಾಪನೆಯಾಯಿತು. ಅದನ್ನು ಕಟ್ಟಿದವರು ಡಿ. ಎಸ್. ಅಮಲೋರ್ಪವದಾಸ್ ಗುರುಗಳು. ಭಾರತದ ಧರ್ಮಾಧ್ಯಕ್ಷರ ಕೋರಿಕೆಯ ಮೇರೆಗೆ 1969ರ ಏಪ್ರಿಲ್ 25ರಂದು ರೋಮ್ ಹನ್ನೆರಡು ಹೊಂದಾಣಿಕೆಗಳಿಗೆ ಒಪ್ಪಿಗೆ ಕೊಟ್ಟಿತು. ಪಾದರಕ್ಷೆ ಬಿಟ್ಟು ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಪಂಚಾಂಗ ಪ್ರಣಾಮ, ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆ ದೀಪ, ಗುರುಗಳಿಗೆ ಶಾಲು, ಹೂವು ಧೂಪ ದೀಪಗಳ ಆರತಿ ಅದರಲ್ಲಿ ಸೇರಿದ್ದವು. ಅಮಲೋರ್ಪವದಾಸ್ ಆಮೇಲೆ ಮೈಸೂರಿಗೆ ಹೋಗಿ ಅಂಜಲಿ ಆಶ್ರಮ ಕಟ್ಟಿದರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ವಿಭಾಗವನ್ನು ನಡೆಸಿದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಈ ಹನ್ನೆರಡು ಅಂಶಗಳಿಗೆ ಆಗ ಬಂದ ವಿರೋಧ ಸಣ್ಣದಲ್ಲ. ಇದು ನಮ್ಮದಲ್ಲ, ಗುಡಿಯದು ಎಂದು ಸಿಟ್ಟಾದ ಕಥೋಲಿಕರು ಬಹಳ. ನನಗೆ ಅಮಲೋರ್ಪವದಾಸರ ದಾರಿ ಸರಿ ಎಂದೇ ಅನ್ನಿಸುತ್ತದೆ. ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ ನೆಲದ ಮೇಲೆ ಕೂರುವುದು, ಹೊಸ್ತಿಲಾಚೆ ಚಪ್ಪಲಿ ಬಿಡುವುದು, ದೀಪಕ್ಕೆ ಕೈಮುಗಿಯುವುದು ಬದುಕಿನ ನಡೆ. ದೇವರ ಮುಂದೆ ಮಾತ್ರ ಪರಕೀಯರಂತೆ ನಿಲ್ಲಬೇಕೆಂದು ಯೇಸುಸ್ವಾಮಿ ಕೇಳಲಿಲ್ಲ.

ಆದರೆ ಕಾರಣ ತಿಳಿಯದ ಆರತಿ ಬರೀ ಅಲಂಕಾರ. ಕೃತಜ್ಞತಾ ಪ್ರಾರ್ಥನೆಯ ಕೊನೆಗೆ ಗುರುಗಳು ಪ್ರಸಾದವನ್ನೂ ಪಾತ್ರೆಯನ್ನೂ ಎತ್ತಿ ಹಿಡಿದು ತಂದೆಗೆ ಮಹಿಮೆ ಹೇಳುತ್ತಾರೆ, ಅದಕ್ಕೆ ಸಭೆ ಆಮೆನ್ ಎನ್ನುತ್ತದೆ. ಇಡೀ ಪೂಜೆಯ ಅತಿ ದೊಡ್ಡ ಆಮೆನ್ ಅದು. ಆರತಿ ಹಿಡಿದ ಹುಡುಗಿಯರು ಪೀಠಕ್ಕೆ ಅಡ್ಡ ನಿಂತರೆ ಜನರಿಗೆ ಏನೂ ಕಾಣದು. ಗಾಯನವೃಂದ ಅದೇ ಹೊತ್ತಿಗೆ ಬೇರೆ ಹಾಡು ಎತ್ತಿದರೆ ಆಮೆನ್ ಮುಳುಗಿಹೋಗುತ್ತದೆ. ಆದ್ದರಿಂದ ಯಾರು ಎಲ್ಲಿ ನಿಲ್ಲಬೇಕು, ತಟ್ಟೆ ಎಷ್ಟು ಸುತ್ತು, ಯಾವ ಮಾತಿಗೆ ನಿಲ್ಲಿಸಬೇಕು ಎಂಬುದನ್ನು ಖಾಲಿ ಚರ್ಚಿನಲ್ಲಿ ಅಭ್ಯಾಸ ಮಾಡಿಸಬೇಕು. ಹೂವು ತೋಟದ್ದಾಗಿರಲಿ, ಪ್ಲಾಸ್ಟಿಕ್ಕಿನದು ಬೇಡ.

5. ಕೀರ್ತನೆ ಜನರ ಬಾಯಲ್ಲಿರಲಿ.

ಮೊದಲನೇ ವಾಚನದ ಮೇಲೆ ಬರುವ ಕೀರ್ತನೆಯನ್ನು ತೆಗೆದು ಅಲ್ಲಿ ಯಾವುದೋ ಭಕ್ತಿಗೀತೆ ಹಾಡುವುದು ತಪ್ಪು. ಅದೂ ದೇವರ ವಾಕ್ಯವೇ. ಒಬ್ಬರು ಚರಣ ಹೇಳಬೇಕು, ಜನ ಪಲ್ಲವಿಯಿಂದ ಉತ್ತರಿಸಬೇಕು. ಇದನ್ನು ನಮ್ಮ ಭಾಗಕ್ಕೆ ಹೊಸದಾಗಿ ಕಲಿಸಬೇಕೇ? ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲೂಕಿನಲ್ಲಿದೆ. ಶರೀಫಜ್ಜನ ಶಿಶುನಾಳ ಇದೇ ಜಿಲ್ಲೆಯಲ್ಲಿದೆ. ಹಾರ್ಮೋನಿಯಂ, ತಬಲಾ, ತಾಳ ಇಟ್ಟುಕೊಂಡು ಒಬ್ಬರು ಎತ್ತಿದ ಸಾಲನ್ನು ಊರೇ ಹಿಡಿಯುವ ಭಜನೆ ಈ ನೆಲದ ಕಿವಿಗೆ ಹತ್ತಿದೆ. ಅದೇ ಹಾಡಿಕೆ ಕೀರ್ತನೆಗೆ ಸಾಕು. ಕೀಬೋರ್ಡಿನ ತಯಾರಿ ತಾಳ ಒತ್ತಿ, ಸಿನಿಮಾ ಮಟ್ಟಿಗೆ ಮಾತು ಕೂಡಿಸಿ, ನಾಲ್ಕು ಜನ ಮೈಕು ಹಿಡಿದು ಹಾಡಿದರೆ ಉಳಿದವರು ಪ್ರೇಕ್ಷಕರಾಗುತ್ತಾರೆ. ಗಾಯನವೃಂದ ಎಷ್ಟು ಚೆನ್ನಾಗಿ ಹಾಡಿತು ಎಂಬುದಕ್ಕಿಂತ ಜನ ಎಷ್ಟು ಹಾಡಿದರು ಎಂಬುದೇ ಮುಖ್ಯ.

ಓದು ಬಾರದ ಹಿರಿಯರನ್ನು ಸೇವೆಯಿಂದ ಹೊರಗಿಡಬಾರದು ಎಂದು ಒತ್ತಿ ಹೇಳುತ್ತೇನೆ. ಆಯಾ ದಿನದ ಕೀರ್ತನೆಯ ಬದಲು ಆ ಕಾಲಕ್ಕೆಂದೇ ಇರುವ ಸಾಮಾನ್ಯ ಕೀರ್ತನೆಯನ್ನು ವಾರವಾರವೂ ಹಾಡಲು ನಿಯಮವೇ ಅವಕಾಶ ಕೊಟ್ಟಿದೆ. ತಪಸ್ಸು ಕಾಲ ಪೂರ್ತಿ ಒಂದೇ ಕೀರ್ತನೆ ಇಟ್ಟುಕೊಂಡರೆ, ಕೇಳಿ ಕಲಿಯುವ ಅಜ್ಜ ಅಜ್ಜಿಯರು ಎರಡೇ ವಾರದಲ್ಲಿ ಅದನ್ನು ಹಿಡಿದುಕೊಳ್ಳುತ್ತಾರೆ. ತತ್ವಪದ ನೂರು ಬಾಯಿಪಾಠ ಇರುವ ಸೀಮೆಯಲ್ಲಿ ಸಾಕ್ಷರತೆಯನ್ನೇ ಅರ್ಹತೆ ಮಾಡಿದರೆ ನಷ್ಟ ನಮಗೇ.

6. ವಾಚನಪೀಠದಿಂದ ಪ್ರಕಟಣೆ ಬೇಡ.

ಅದು ವಾಕ್ಯದ ಜಾಗ. ವಾಚನ, ಕೀರ್ತನೆ, ಪಾಸ್ಕ ಜಾಗರಣೆಯ ಘೋಷಣೆ ಅಲ್ಲಿಂದ. ಪ್ರಬೋಧನೆಯೂ ವಿಶ್ವಾಸಿಗಳ ಪ್ರಾರ್ಥನೆಯೂ ಆಗಬಹುದು. ಚಂದಾ ಲೆಕ್ಕ, ಪ್ರವಾಸದ ಬಸ್ಸು, ಯುವಜನರ ಕ್ರಿಕೆಟ್ ಪಂದ್ಯ ಇವುಗಳಿಗೆ ಬೇರೆ ಮೈಕು, ಬೇರೆ ಜಾಗ.

7. ಸುಮ್ಮನಿರುವುದನ್ನೂ ಕಲಿಯಿರಿ.

ಸಂವಿಧಾನದ 30ನೇ ವಿಧಿ ಮೌನವನ್ನು ಆರಾಧನೆಯ ಭಾಗವೆಂದು ಹೇಳುತ್ತದೆ. ಪಶ್ಚಾತ್ತಾಪದ ಕರೆಯ ನಂತರ, ವಾಚನಗಳ ನಂತರ, ಪ್ರಬೋಧನೆಯ ನಂತರ, ಪರಮಪ್ರಸಾದದ ನಂತರ. ಕೀಬೋರ್ಡ್ ನುಡಿಸುವವರು ಆ ಜಾಗಗಳಲ್ಲಿ ಕೈ ಎತ್ತಿ ತೊಡೆಯ ಮೇಲಿಡಬೇಕು. ಅಷ್ಟೇ.

8. ಪರಮಪ್ರಸಾದ ಕೊಡುವ ಕೈ ಮೊದಲು ಪಡೆದ ಕೈ.

1973ರ ಜನವರಿ 29ರ ಆದೇಶದ ನಂತರ ಶ್ರೀಸಾಮಾನ್ಯರು ಅಗತ್ಯಬಿದ್ದಾಗ ಪರಮಪ್ರಸಾದ ಹಂಚಬಹುದಾಯಿತು. ಅಗತ್ಯಬಿದ್ದಾಗ ಎಂಬುದನ್ನು ಮರೆಯಬಾರದು. ಗುರುಗಳು ಕೂತಿದ್ದು ನಾವು ಹಂಚುವುದು ಸೇವೆಯಲ್ಲ. ಗುರುಗಳು ಸ್ವೀಕರಿಸಿದ ಮೇಲೆಯೇ ಪೀಠದ ಹತ್ತಿರ ಹೋಗಬೇಕು, ಮೊದಲು ನಾವು ಅವರಿಂದ ಪಡೆಯಬೇಕು, ಪಾತ್ರೆಯನ್ನೂ ಅವರ ಕೈಯಿಂದಲೇ ತೆಗೆದುಕೊಳ್ಳಬೇಕು. ಪೀಠದಿಂದ ನಾವೇ ಎತ್ತಿಕೊಳ್ಳುವಂತಿಲ್ಲ. ಈ ಕ್ರಮದಲ್ಲಿ ಒಂದು ಬೋಧೆ ಇದೆ: ಕ್ರಿಸ್ತನನ್ನು ಯಾರೂ ತಾವಾಗಿ ತೆಗೆದುಕೊಳ್ಳುವುದಿಲ್ಲ, ಎಲ್ಲರೂ ಪಡೆಯುವವರೇ.

ಹಂಚುವಾಗ ಪ್ರಸಾದವನ್ನು ಎತ್ತಿ ತೋರಿಸಿ, ಎದುರಿಗೆ ನಿಂತವರ ಮುಖ ನೋಡಿ, ವಿಧಿಯ ಮಾತನ್ನು ಹೇಳಿ, ಅವರ ಆಮೆನ್ ಕೇಳಿಸಿಕೊಂಡು ಕೊಡಬೇಕು. ವಿಧಿಯ ಮಾತಿಗೆ ಹೆಸರು ಸೇರಿಸುವುದು, ಆಶೀರ್ವಾದ ಸೇರಿಸುವುದು ಬೇಡ. ಪ್ರಸಾದ ಕೆಳಗೆ ಬಿದ್ದರೆ ಗಾಬರಿಯಾಗದೆ ಎತ್ತಿಕೊಂಡು, ಆ ಜಾಗಕ್ಕೆ ಬಟ್ಟೆ ಹಾಸಿ, ಆಮೇಲೆ ನೀರಿನಿಂದ ತೊಳೆಯಬೇಕು.

ಕೈತೊಳೆಯುವ ವಿಷಯ ಎಲ್ಲ ಕೈಪಿಡಿಗಳಲ್ಲೂ ಇರುತ್ತದೆ. ಬ್ಯಾಡಗಿ ಸೀಮೆಗೆ ಅದರಲ್ಲಿ ಇನ್ನೊಂದು ಸಾಲು ಬೇಕು. ಜನವರಿಯಿಂದ ಮಾರ್ಚ್ ತನಕ ಇಲ್ಲಿನ ಎಷ್ಟೋ ಹೆಂಗಸರು ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವುದು ನಿಜ. ಆದರೂ ಅದರ ಘಾಟು ಉಗುರಿನ ಸಂದಿಯಲ್ಲಿ ಕೂತರೆ ಬರೀ ನೀರಿಗೆ ಹೋಗುವುದಿಲ್ಲ. ನಾಲಿಗೆಯ ಮೇಲೆ ಪರಮಪ್ರಸಾದ ಪಡೆಯುವ ಮುದುಕರಿಗೆ, ಮೊದಲ ಪ್ರಸಾದದ ಮಕ್ಕಳಿಗೆ ಅದು ಉರಿಯುತ್ತದೆ. ಶನಿವಾರ ರಾತ್ರಿಯೇ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ, ಒರೆಸಿ, ಸೋಪು ಹಚ್ಚಿ ತೊಳೆದು, ಬೆಳಿಗ್ಗೆ ಇನ್ನೊಮ್ಮೆ ತೊಳೆಯಿರಿ. ಆ ಕೈಗಳು ಅಶುದ್ಧ ಎಂದು ಯಾರೂ ತಿಳಿಯಬೇಡಿ. ಆರು ದಿನ ದುಡಿದ ಕೈ ಏಳನೇ ದಿನ ಪ್ರಭುವಿನ ಪ್ರಸಾದ ಹಿಡಿಯುವುದಕ್ಕಿಂತ ಯೋಗ್ಯವಾದದ್ದು ಯಾವುದಿದೆ? ಎಣ್ಣೆ ಸೋಪು ಬೇಕಾಗಿರುವುದು ಪಡೆಯುವವರ ನಾಲಿಗೆಗೆ.

9. ಕಾಯಿಲೆಯವರ ಮನೆಗೆ ನೆಟ್ಟಗೆ ಹೋಗಿರಿ.

ಪ್ರಸಾದದ ಡಬ್ಬಿಯನ್ನು ಚೀಲಕ್ಕೆ ಹಾಕಿ ಕೊರಳಿಗೆ ಇಳಿಬಿಟ್ಟುಕೊಳ್ಳಿ. ಬೈಕಿನ ಪೆಟ್ಟಿಗೆಯಲ್ಲಿ, ತರಕಾರಿ ಚೀಲದ ಜೊತೆ ಬೇಡ. ದಾರಿಯಲ್ಲಿ ಚಹಾದಂಗಡಿಗೆ ನಿಲ್ಲಬೇಡಿ, ಮೊಬೈಲು ಬಂದ್ ಇರಲಿ. ಮನೆಯಲ್ಲಿ ಒಂದು ಸ್ಟೂಲು, ಅದರ ಮೇಲೆ ಬಿಳಿ ಬಟ್ಟೆ, ಒಂದು ದೀಪ, ಒಂದು ಲೋಟ ನೀರು ಸಿದ್ಧವಿರಲಿ ಎಂದು ಹಿಂದಿನ ದಿನವೇ ಹೇಳಿ ಕಳಿಸಿ. ನಡೆಸುವವರು ನೀವೊಬ್ಬರೇ ಆಗಬೇಡಿ. ಮೊಮ್ಮಗ ವಾಚನ ಓದಲಿ, ಸೊಸೆ ಪ್ರಾರ್ಥನೆ ಹೇಳಲಿ. ನುಂಗಲು ಕಷ್ಟವಿದ್ದವರಿಗೆ ಚಿಕ್ಕ ಚೂರು, ಮೇಲೊಂದು ಗುಟುಕು ನೀರು. ವಿಧಿ ಮುಗಿದ ಮೇಲೆ ಎದ್ದು ಓಡಬೇಡಿ. ವಾರವೆಲ್ಲ ಗೋಡೆ ನೋಡಿಕೊಂಡು ಮಲಗಿದವರಿಗೆ ಊರಿನ ಸುದ್ದಿ ಬೇಕು, ಕೂತು ಹೇಳಿ. ಅವರು ಏನಾದರೂ ಹೇಳಿಕೊಂಡರೆ ಅದು ನಿಮ್ಮಲ್ಲೇ ಇರಲಿ. ರೋಗಿಗಳ ಅಭಿಷೇಕ ಬೇಕೆಂದರೆ, ಪಾಪನಿವೇದನೆ ಮಾಡಬೇಕೆಂದರೆ ಆ ದಿನವೇ ಗುರುಗಳಿಗೆ ತಿಳಿಸಿ. ಅವು ನಮ್ಮ ಪಾಲಿನ ಕೆಲಸವಲ್ಲ.

10. ಗುರುಗಳಿಲ್ಲದ ಭಾನುವಾರ ಬಲಿಪೂಜೆಯ ಅನುಕರಣೆ ಬೇಡ. ಮನೆಯಲ್ಲಿ ಕೂರುವುದೂ ಬೇಡ.

ಮಳೆಗೆ ದಾರಿ ಕಟ್ಟಿದಾಗ, ಗುರುಗಳಿಗೆ ಜ್ವರ ಬಂದಾಗ, ಎರಡು ಊರಿನ ಹಬ್ಬ ಒಂದೇ ದಿನ ಬಿದ್ದಾಗ ಹಳ್ಳಿಯ ಪೂಜೆ ತಪ್ಪುತ್ತದೆ. ಇಂಥ ಭಾನುವಾರಗಳಿಗೆಂದೇ 1988ರ ಜೂನ್ 2ರಂದು ರೋಮ್ ಒಂದು ಮಾರ್ಗದರ್ಶಿ ಕೊಟ್ಟಿದೆ. ಧರ್ಮಾಧ್ಯಕ್ಷರ ಅನುಮತಿಯಿಂದ ಶ್ರೀಸಾಮಾನ್ಯರೊಬ್ಬರು ಆರಾಧನೆ ನಡೆಸಬಹುದು. ಆ ದಿನದ ವಾಚನಗಳು, ಕೀರ್ತನೆ, ಪ್ರಾರ್ಥನೆ. ಮೊದಲೇ ಇರಿಸಿದ ಪರಮಪ್ರಸಾದವಿದ್ದರೆ ಅದರ ಹಂಚಿಕೆ. ಕೃತಜ್ಞತಾ ಪ್ರಾರ್ಥನೆ ಹೇಳುವಂತಿಲ್ಲ, ಕಾಣಿಕೆ ಅರ್ಪಣೆಯ ವಿಧಿ ಇಲ್ಲ, ಗುರುಗಳ ಆಸನದಲ್ಲಿ ಕೂರುವಂತಿಲ್ಲ. ನಡೆಸುವವರು ಸಮಾನರಲ್ಲಿ ಒಬ್ಬರು. ಆ ಖಾಲಿ ಆಸನ ಜನರಿಗೆ ಕಾಣಬೇಕು: ಬಲಿಪೂಜೆಗೆ ಹಸಿದಿದ್ದೇವೆ ಎಂಬುದನ್ನು ಅದು ನೆನಪಿಸುತ್ತದೆ. ಇದನ್ನು ನಡೆಸಲು ಕಲಿತವರು ಪ್ರತಿ ಊರಲ್ಲಿ ಇಬ್ಬರಾದರೂ ಇರಬೇಕು.

11. ಕಲಿತವರು ಇಬ್ಬರಿಗೆ ಕಲಿಸಿ. ಗುರುಗಳೂ ಕಲಿಯುವವರ ಸಾಲಿನಲ್ಲಿ ಕೂರಲಿ.

ಗುರುಗಳಲ್ಲೇ ಮೊದಲು ಆರಾಧನೆಯ ಹುರುಪು ತುಂಬದಿದ್ದರೆ ಜನರಲ್ಲಿ ಅದನ್ನು ನಿರೀಕ್ಷಿಸುವುದು ವ್ಯರ್ಥ ಎಂದು ದೈವಾರಾಧನೆಯ ಸಂವಿಧಾನದ 14ನೇ ವಿಧಿ ಯಾವ ಮುಲಾಜೂ ಇಲ್ಲದೆ ಹೇಳಿದೆ. ನಮ್ಮ ಕಡೆಗೆ ಬರುವ ಎಷ್ಟೋ ಗುರುಗಳ ಮನೆಮಾತು ಕೊಂಕಣಿ, ಮಲಯಾಳಂ, ತಮಿಳು. ಅವರಿಗೆ ವಿಧಿ ಗೊತ್ತು, ನಮಗೆ ಭಾಷೆಯ ಹದ ಗೊತ್ತು. ಒಬ್ಬರಿಗೊಬ್ಬರು ತಿದ್ದಿಕೊಳ್ಳುವುದರಲ್ಲಿ ಯಾರ ಗೌರವಕ್ಕೂ ಕುಂದಿಲ್ಲ. 2022ರ ಜೂನ್ 29ರ ಪತ್ರದಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ರೂಪಣೆಗೆ ಎರಡು ಮುಖ ತೋರಿಸಿದರು: ಆರಾಧನೆಗಾಗಿ ರೂಪುಗೊಳ್ಳುವುದು, ಆರಾಧನೆಯಿಂದಲೇ ರೂಪುಗೊಳ್ಳುವುದು. ತರಗತಿಯಲ್ಲಿ ಕಲಿತದ್ದು ಮೊದಲನೆಯದು. ವರ್ಷಗಟ್ಟಲೆ ಪೀಠದ ಬಳಿ ನಿಂತು ಮನುಷ್ಯ ಮೆತ್ತಗಾಗುವುದು ಎರಡನೆಯದು, ಹೆಚ್ಚು ಮುಖ್ಯವಾದದ್ದು.

ಮೋಟೆಬೆನ್ನೂರಿನವರಿಗೆ ಇದು ಅಪರಿಚಿತ ವಿಚಾರವಲ್ಲ. 1930ರ ದಂಡಿ ಯಾತ್ರೆಗೆ ಗಾಂಧೀಜಿ ಆರಿಸಿದ್ದು ಆಶ್ರಮದ ಶಿಸ್ತಿನಲ್ಲಿ ಬದುಕಿ ತಯಾರಾದವರನ್ನು. ಆ ಸಾಲಿನಲ್ಲಿ ಈ ಊರಿನ ಮೈಲಾರ ಮಹಾದೇವಪ್ಪನವರೂ ನಡೆದರು. ನಡಿಗೆಗೆ ಮುಂಚೆ ಬದುಕಿನ ತಯಾರಿ ಆಗಿತ್ತು.

ಕೊನೆಗೆ ಧರ್ಮಕೇಂದ್ರಗಳ ಪಾಲನಾ ಸಮಿತಿಗಳಲ್ಲಿ ಒಂದು ಮನವಿ. ತಪಸ್ಸು ಕಾಲ ಹತ್ತಿರ ಬಂದಾಗ ತರಬೇತಿ ಇಡಬೇಡಿ. ಅದು ಮೆಣಸಿನಕಾಯಿ ಸುಗ್ಗಿ. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆ ತುಂಬಿರುತ್ತದೆ, ಉಳಿದ ದಿನ ಕಣದಲ್ಲಿ ಕೆಲಸವಿರುತ್ತದೆ. ಕಳೆ ತೆಗೆದು ಮುಗಿದ ಮೇಲೆ, ಗೋವಿನಜೋಳದ ಕಟಾವಿಗೆ ಮುಂಚೆ, ಸೆಪ್ಟೆಂಬರ್ ತಿಂಗಳಲ್ಲಿ ನಾಲ್ಕು ಸಂಜೆ ಸಾಕು. ಜನರನ್ನು ಪಟ್ಟಣಕ್ಕೆ ಕರೆಯಬೇಡಿ, ಕಲಿಸುವವರೇ ಹಳ್ಳಿಗೆ ಹೋಗಲಿ. ಒಂದು ಸಂಜೆ ಓದಿಗೆ, ಒಂದು ಕೀರ್ತನೆಗೆ, ಒಂದು ಪೀಠ ಮತ್ತು ಪರಮಪ್ರಸಾದಕ್ಕೆ, ಒಂದು ರೋಗಿಗಳ ಭೇಟಿಗೆ. ಸೆಪ್ಟೆಂಬರ್ 30 ಬೈಬಲ್ ಭಾಷಾಂತರಿಸಿದ ಸಂತ ಜೆರೋಮರ ದಿನ, ಅಂದು ಮುಗಿಸಿ. ಜನವರಿಯಲ್ಲಿ, ಸಾಧಾರಣ ಕಾಲದ ಮೂರನೇ ಭಾನುವಾರ, ದೇವರ ವಾಕ್ಯದ ಭಾನುವಾರವೆಂದು 2019ರಿಂದ ಗೊತ್ತಾಗಿದೆ. ಆ ದಿನ ಕಲಿತವರನ್ನೆಲ್ಲ ಸಭೆಯ ಮುಂದೆ ಹೆಸರು ಹಿಡಿದು ಕರೆದು, ಪ್ರಾರ್ಥಿಸಿ, ಸೇವೆಗೆ ಕಳಿಸಿ. ಬರುವ ಸೆಪ್ಟೆಂಬರಿನಿಂದಲೇ ಶುರುಮಾಡಿ.